ಮಾವನ ಎಡದವಡೆ

ಬೇಗಿಮಾಯ್‌ಳ ಕೆಲಸವೇ ಮುಖ ನೋಡುವುದು. ಊಜ್ಗೆನ್ ಪಟ್ಟಣದ ಹಲ್ಲಿನ ಆಸ್ಪತ್ರೆಯಲ್ಲಿ ಬಾಯಿ, ದವಡೆಗಳ ಎಕ್ಸ್‌ರೇ ಓದುವ ಡಾಕ್ಟರು ಅವಳು. ಯಂತ್ರ ತಲೆಯ ಸುತ್ತ ಒಂದು ಸುತ್ತು ಬಂದು ಎರಡೂ ಸಾಲಿನ ಹಲ್ಲು, ದವಡೆ ಎಲ್ಲವನ್ನೂ ಬಿಡಿಸಿ ಹಾಸಿದ ಹಾಗೆ ಚಿತ್ರ ತೆಗೆದುಕೊಡುತ್ತದೆ, ನಿಜ. ಆದರೆ ಚಿತ್ರಕ್ಕಿಂತ ಮೊದಲು ಮುಖ ನೋಡಬೇಕು ಎನ್ನುವುದು ಅವಳ ಹಟ. ಎರಡು ಕೆನ್ನೆ ಸಮನಾಗಿವೆಯೇ, ತುಟಿ ಒಂದು ಕಡೆ ಜೋತಿದೆಯೇ, ಬಾಯಿ ತೆರೆದರೆ ಗದ್ದ ಯಾವ ಕಡೆ ಓಡುತ್ತದೆ ಎಂದು ನೋಡಿ, ರೋಗಿ ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ರೋಗ ಹಿಡಿದುಬಿಡುತ್ತಿದ್ದಳು. "ಡಾಕ್ಟ್ರೇ, ಹೀಗೆ ಗುರಾಯಿಸಿದ್ರೆ ನನ್ ಹೆಂಡ್ತಿ ಜಗಳಕ್ಕೆ ಬರ್ತಾಳೆ ನೋಡಿ" ಎಂದು ಒಬ್ಬ ಕಲ್ಲಂಗಡಿ ವ್ಯಾಪಾರಿ ಅಂದಿದ್ದನಂತೆ. ಅವಳು ನಗಲೂ ಇಲ್ಲ, ಕಣ್ಣು ಕದಲಿಸಲೂ ಇಲ್ಲ.

ಮನೆಗೆ ಬಂದರೆ ಅದೇ ಕಣ್ಣು ನೆಲಕ್ಕೆ. ಮನೆಯಲ್ಲಿ ಅವಳು ಡಾಕ್ಟರಲ್ಲ, ಕೆಲಿನ್, ಸೊಸೆ. ಕೆಲಿನ್ ಆದವಳು ಮಾವನ ಹೆಸರು ಬಾಯಿಬಿಟ್ಟು ಹೇಳುವಂತಿಲ್ಲ, ಮಾವನಿಗೆ ಬೆನ್ನು ತಿರುಗಿಸುವಂತಿಲ್ಲ, ಮುಖವನ್ನು ನೆಟ್ಟಗೆ ನೋಡುವುದಂತೂ ದೂರದ ಮಾತು. ಈಗೀಗ ಎಷ್ಟೋ ಮನೆಗಳಲ್ಲಿ ಈ ಕಟ್ಟು ಸಡಿಲಾಗಿದೆ; ಸೊಸೆಯರು ಮಾವನ ಪಕ್ಕ ಕೂತು ಟೀವಿ ನೋಡುತ್ತಾರೆ. ಆದರೆ ಬೇಗಿಮಾಯ್‌ಳ ಅತ್ತೆ ಉಮ್ಸುನಾಯ್ ಹಳೇ ಕಾಲದ ಗಟ್ಟಿ ಹೆಂಗಸು. ಅವಳ ಮನೆಯಲ್ಲಿ ರೀತಿ ಎಂದರೆ ರೀತಿ.

ಅಯ್ಯೋ ಪಾಪ, ಸೊಸೆಯನ್ನು ಹೊಡೆದು ಬಡಿದು ತಲೆ ತಗ್ಗಿಸಿದರು ಎಂದುಕೊಳ್ಳಬೇಡಿ. ಹಾಗೇನೂ ಇಲ್ಲ. ಮಾವನನ್ನು ಅವಳು ಆತಾ ಅಂದರೆ ಅಪ್ಪ ಎಂದೂ, ಅತ್ತೆಯನ್ನು ಅಪಾ ಅಂದರೆ ಅಮ್ಮ ಎಂದೂ ಕರೆಯುವಳು. ಮಾವ ಶೇರ್ಮತ್ ಆತಾ ಜೀನು ಹೊಲಿಯುವ ಉಸ್ತಾದ. ಅವರ ಕೈಯ ಜೀನು ಕುದುರೆಯ ಬೆನ್ನು ಕೆಡಿಸುವುದಿಲ್ಲವೆಂದು ಬೆಟ್ಟದ ಮೇಲಿನ ಕುರುಬರೆಲ್ಲ ಬಲ್ಲರು. ಮದುವೆಯಾದ ಮೇಲೆ ಬೇಗಿಮಾಯ್ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಮುಂದಿನ ಓದು ಓದಬೇಕೆಂದಾಗ, ಉಮ್ಸುನಾಯ್ ರಂಪ ಎಬ್ಬಿಸಿದಾಗ, "ಹೋಗ್ಲಿ ಬಿಡೇ. ತಲೆವಸ್ತ್ರ ಗಾಳಿಗೆ ಹಾರಿಹೋಗಲ್ಲ" ಎಂದವರು ಆತಾ. ಅದನ್ನೂ ಅವಳಿಗೆ ನೇರವಾಗಿ ಹೇಳಲಿಲ್ಲ, ಹೆಂಡತಿಗೆ ಹೇಳಿದರು. ಒಳಗೆ ಬರುವ ಮೊದಲು ಅಂಗಳದಲ್ಲೇ ಕೆಮ್ಮುವರು, ಅವಳು ತಲೆವಸ್ತ್ರ ಸರಿಮಾಡಿಕೊಳ್ಳಲಿ ಎಂದು. ಅವರ ಬಗ್ಗೆ ಅವಳಿಗೆ ಎಷ್ಟು ಪ್ರೀತಿಯೆಂದರೆ, ತಲೆ ತಗ್ಗಿಸುವುದು ಅವಳಿಗೆ ಎಂದೂ ಭಾರ ಅನಿಸಿರಲಿಲ್ಲ. ಅವರ ಕೈಗಳನ್ನು ಮಾತ್ರ ಚೆನ್ನಾಗಿ ಬಲ್ಲಳು. ಟೀ ಬಟ್ಟಲು ನೀಡುವಾಗ ಕಾಣುವ, ದಾರ ಕೊಯ್ದು ಗೆರೆಬಿದ್ದ ದೊಡ್ಡ ಕೈಗಳು.

ಆ ಕೈಗಳೇ ಮೊದಲು ಸುಳಿವು ಕೊಟ್ಟವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಊಟದ ಬಟ್ಟೆಯ ಮೇಲೆ ರೊಟ್ಟಿ ಮುರಿದು ಹಾಕಿದರೆ ಆತಾನ ಕೈ ಅಂಚನ್ನು ಬಿಟ್ಟು ನಡುವಿನ ಮೆತ್ತನೆಯ ಭಾಗವನ್ನೇ ಆರಿಸುತ್ತಿತ್ತು. ಅಂಚು ಸಿಕ್ಕಿದರೆ ಟೀಯಲ್ಲಿ ಅದ್ದಿ ಅದ್ದಿ ನೆನೆಸುತ್ತಿತ್ತು. ವಯಸ್ಸಾಯಿತು ಎಂದುಕೊಂಡಳು. ಆಮೇಲೆ ನೋಡಿದರೆ, ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದವರು ಚಾಕು ಹುಡುಕತೊಡಗಿದ್ದರು. ಅದೂ ವಯಸ್ಸೇ ಇರಬೇಕು. ಒಂದು ದಿನ ಆತಾ ಕುಡಿಯುತ್ತಿದ್ದಾಗ ಊಟದ ಬಟ್ಟೆಯ ಮೇಲೆ ಟೀ ಹನಿ ಬಿತ್ತು. ಎಡಕ್ಕೆ. ಇನ್ನೊಂದು ಬಿತ್ತು. ತುಟಿ ಒರೆಸಿಕೊಳ್ಳಲು ಕೈ ಮೇಲೇಳಲಿಲ್ಲ. ತುಟಿಯಿಂದ ಟೀ ಇಳಿಯುತ್ತಿರುವುದು ಆ ಮನುಷ್ಯನಿಗೆ ಗೊತ್ತೇ ಆಗುತ್ತಿರಲಿಲ್ಲ.

ಪೆಟ್ಟಿಲ್ಲ ಏನಿಲ್ಲ, ಕೆಳತುಟಿ ತಾನಾಗಿ ಜೋಮು ಹಿಡಿದರೆ ಸುಮ್ಮನಿರಬಾರದು, ದವಡೆಯೊಳಗಿನ ನರವನ್ನು ಏನೋ ತಿನ್ನುತ್ತಿದೆ ಎಂದು ಅವಳಿಗಿಂತ ಚೆನ್ನಾಗಿ ಆ ಮನೆಯಲ್ಲಿ ಇನ್ಯಾರಿಗೆ ಗೊತ್ತು? ಒಂದು ಸಲ ಕಣ್ಣೆತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಬಟ್ಟಲು ತುಂಬಿಸಿಕೊಟ್ಟು ಹಿಂದೆ ಸರಿದಳು. ಆಸ್ಪತ್ರೆಯಲ್ಲಿ ಹುಲಿ, ಮನೆಯಲ್ಲಿ ಇಲಿ ಎಂದು ನಾನೇ ಅವಳನ್ನು ಬೈಯುತ್ತಿದ್ದೆನೇನೋ. ಆದರೆ ವರ್ಷಗಟ್ಟಲೆ ತಗ್ಗಿದ ಕತ್ತು ಒಂದು ಹನಿ ಟೀಗೆ ಮೇಲೇಳುವುದಿಲ್ಲ.

ಅಂದು ಮಲಗುವ ಮೊದಲು ಗಂಡ ಚೊರೊನನ್ನು ಕೇಳಿದಳು. ಚೊರೊ ಓಶ್ ನಗರಕ್ಕೆ ಬಾಡಿಗೆ ವ್ಯಾನು ಓಡಿಸುವವನು; ದಿನವಿಡೀ ರಸ್ತೆ ನೋಡಿ ಬಂದವನಿಗೆ ಮನೆಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ.

"ಆತಾನ ಮುಖ ಸರಿಯಾಗಿ ನೋಡಿದ್ಯಾ ನೀನು?"

"ನೋಡ್ದೆ. ಇದೆ. ಮೀಸೆ ಸಮೇತ ಇದೆ."

"ತಮಾಷೆ ಸಾಕು. ಎಡಗಡೆ ಏನಾದ್ರೂ ಊತ ಇದ್ಯಾ?"

"ಹಲ್ಲು ನೋವಂತೆ ಕಣೇ. ಸಂತೆಬೀದಿಲಿ ಹಲ್ಲು ಕೀಳ್ತಾನಲ್ಲ, ಅವನ ಹತ್ರ ಒಂದು ಕೀಳಿಸ್ಕೊಂಡ್ರು. ಗಾಯ ಇನ್ನೂ ಮಾಯ್ಲಿಲ್ಲ ಅಂತಿದ್ರು."

"ಸಂತೆಬೀದಿಲಾ? ಮನೇಲಿ ನಾನಿದ್ದೂನಾ?"

ಚೊರೊ ಮಗ್ಗುಲು ಬದಲಿಸಿದ. "ನೀನಿದೀಯಾ ಅಂತ್ಲೇ ಅಲ್ಲಿಗೆ ಹೋಗಿದ್ದು. ಸೊಸೆ ಮುಂದೆ ಬಾಯಿ ತೆರೆಯೋದಕ್ಕಾಗುತ್ತಾ ಅವರಿಗೆ? ನಾಚ್ಕೆಯಿಂದ ಸತ್ತೇಹೋಗ್ತಾರೆ. ಗಾಯ ಮಾಯುತ್ತೆ, ಸುಮ್ನೆ ಮಲ್ಕೋ."

ಅವಳು ಬೆಳಿಗ್ಗೆ ಅತ್ತೆಗೆ ಹೇಳಿದಳು, ಆತಾ ಒಂದು ಸಲ ಚಿತ್ರ ತೆಗೆಸಿಕೊಳ್ಳಲಿ ಎಂದು. ಉಮ್ಸುನಾಯ್ "ಆಯ್ತು ಹೇಳ್ತೀನಿ" ಎಂದಳು. ಹೇಳಿದಳೋ ಬಿಟ್ಟಳೋ. ಹೊಸವರ್ಷದ ನೂರೂಜ್ ಹಬ್ಬ ಬಂತು, ಹೋಯಿತು. ಕುರುಬರು ಬೆಟ್ಟ ಹತ್ತುವ ಮುಂಚಿನ ದಿನಗಳು ಜೀನಿನ ಕೆಲಸಕ್ಕೆ ಸುಗ್ಗಿ. ಆತಾ ಊಟಕ್ಕೂ ಒಳಗೆ ಬರದೆ ಅಂಗಳದಾಚೆಯ ತಮ್ಮ ಜೀನಿನ ಕಾರ್ಖಾನೆ ಕೋಣೆಯಲ್ಲೇ ಇರತೊಡಗಿದರು. ಅನ್ನ ಮಾಂಸದ ತಟ್ಟೆ ಹೋದಷ್ಟೇ ತುಂಬಿ ವಾಪಸು ಬರುತ್ತಿತ್ತು. ಸಾರು ಮಾತ್ರ ಖಾಲಿಯಾಗುತ್ತಿತ್ತು. ಹೇಳಿದ್ದೇನಲ್ಲ, ಹೋಗಿರುತ್ತಾರೆ, ತೋರಿಸಿರುತ್ತಾರೆ ಎಂದು ಬೇಗಿಮಾಯ್ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗುರುವಾರ ಅವಳಿಗೆ ರಜೆ. ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ನಿಲುವಂಗಿ ತೊಡುತ್ತಿದ್ದಾಗ, ಯಂತ್ರ ನಡೆಸುವ ತುರ್ಗುನ್ ಬಾಯ್ಕೆ ಹಿಂದಿನ ದಿನದ ಚಿತ್ರಗಳನ್ನು ಪರದೆಗೆ ತಂದ. ಬಾಯ್ಕೆ ಎಂದರೆ ಅಣ್ಣ. ವಯಸ್ಸಿನಲ್ಲಿ ಅವಳ ಅಪ್ಪನಷ್ಟಿದ್ದ. ಬಾಯಿ ತುಂಬ ಹರಟೆಯ ಮನುಷ್ಯ, ಬೆಳಿಗ್ಗೆ ಬೆಳಿಗ್ಗೆಯೇ ಯಾರನ್ನಾದರೂ ಆಡಿಕೊಳ್ಳದಿದ್ದರೆ ಅವನಿಗೆ ಟೀ ಇಳಿಯುತ್ತಿರಲಿಲ್ಲ. ಅಂದು ಮಾತ್ರ ತುಟಿ ಪಿಟಕ್ಕೆನ್ನದೆ ನಿಂತಿದ್ದ.

ಮೂರನೆಯದೋ ನಾಲ್ಕನೆಯದೋ ಚಿತ್ರಕ್ಕೆ ಅವಳು ಕೈ ತಡೆದಳು. ಕೆಳದವಡೆಯ ಎಡಭಾಗ. ಮೂಳೆಯ ಅಂಚು ಅಂಚಾಗಿಯೇ ಇರಲಿಲ್ಲ. ಹುಳು ತಿಂದ ಉಣ್ಣೆಯ ಹಾಗೆ ಅಲ್ಲಲ್ಲಿ ಹರಿದುಹೋಗಿತ್ತು. ಹಲ್ಲು ಕಿತ್ತ ಗುಳಿಯಲ್ಲಿ ಹೊಸ ಮೂಳೆಯ ಒಂದು ಎಳೆಯೂ ಇಲ್ಲ. ಪಕ್ಕದ ಎರಡು ಹಲ್ಲಿನ ಸುತ್ತ ಮೂಳೆಯೇ ಇಲ್ಲದೆ ಅವು ಗಾಳಿಯಲ್ಲಿ ನಿಂತಂತೆ ಇದ್ದವು. ನರ ಹೋಗುವ ಕಾಲುವೆಯ ಮೇಲಿನ ಗೋಡೆ ಒಡೆದಿತ್ತು.

"ಇದು ಸೋಂಕಲ್ಲ ಬಾಯ್ಕೆ," ಎಂದಳು. "ಚೂರು ತೆಗೆದು ಪರೀಕ್ಷೆ ಮಾಡಿಸ್ಲೇಬೇಕು, ಆದ್ರೆ ನನಗೆ ಅನುಮಾನ ಇಲ್ಲ. ಇದು ಕ್ಯಾನ್ಸರ್. ತುಟಿ ಜೋಮು ಹಿಡಿದಿರುತ್ತೆ ಇವರಿಗೆ. ಬಾಯಲ್ಲಿ ನಸ್ವಾಯ್, ಹೊಗೆಸೊಪ್ಪಿನ ಪುಡಿ, ಇಡ್ತಾರಾ? ಇಟ್ಟೇ ಇಡ್ತಾರೆ, ಜಾಗ ನೋಡಿದ್ರೇ ಗೊತ್ತಾಗುತ್ತೆ. ಎಲ್ಲಿಯವರು?"

"ಮೇಲಿನ ಕಡೆಯವ್ರು..." ಎಂದ ತುರ್ಗುನ್ ಬಾಯ್ಕೆ.

ಅವಳಿಗೆ ಸಿಟ್ಟು ಬಂತು. ದಿನಾ ಇಂಥದೇ, ಕಾಲ ಮಿಂಚಿದ ಮೇಲೆ ಕೈಹಿಡಿದು ಕರೆದುಕೊಂಡು ಬರುತ್ತಾರೆ. "ಎಷ್ಟು ದಿನದಿಂದ ಹೀಗಿದೆ ಅಂತೀರಾ? ತಿಂಗಳುಗಟ್ಟಲೆ! ಮುಖ ಊದಿರುತ್ತೆ. ಊಟ ಬಿಟ್ಟಿರ್ತಾರೆ. ಮನೇಲಿ ಹೆಂಡ್ತಿ, ಮಗ, ಸೊಸೆ ಯಾರೂ ಇಲ್ವಾ ಇವರಿಗೆ? ಅವರಿಗೆಲ್ಲ ಕಣ್ಣಿಲ್ವಾ? ಎದುರಿಗೆ ಕೂತು ಉಣ್ಣೋ ಮನುಷ್ಯನ ಮುಖ ನೋಡೋಕೂ ಪುರುಸೊತ್ತಿಲ್ವಾ?"

ತುರ್ಗುನ್ ಬಾಯ್ಕೆ ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬೇಗಿಮಾಯ್, ನಂಗೆ ಆಣೆ ಹಾಕ್ಸಿದ್ರು ಮಗಳೇ. ನೀನು ರಜೆ ಇರೋ ದಿನ ಕೇಳ್ಕೊಂಡೇ ಬಂದ್ರು. ನಮ್ಮ ಕೆಲಿನ್‌ಗೆ ಹೇಳ್ಬೇಡ, ಬೇರೆ ಯಾರ ಹೆಸರಲ್ಲಾದ್ರೂ ತೋರ್ಸು ಅಂದ್ರು. ನಿಮ್ಮ ಆತಾನೇ ಇವರು."

ಅವಳು ಪರದೆಯ ಕಡೆಗೇ ನೋಡುತ್ತ ಕೂತಳು. ಆ ಮನುಷ್ಯನ ಹಲ್ಲಿನ ಬೇರು ನೋಡಿದಳು, ಮೂಳೆಯ ಒಳಗೂ ನೋಡಿದಳು, ಆದರೂ ಇದು ಯಾರೆಂದು ಗುರುತು ಹಿಡಿಯಲಾರದೆ ಹೋದಳು. ಹೇಗೆ ಹಿಡಿದಾಳು? ಹೊರಗಿನ ಮುಖವೇ ಅವಳಿಗೆ ಗೊತ್ತಿರಲಿಲ್ಲ. ಬಾಯ್ಕೆ ಬಾಗಿಲು ಎಳೆದುಕೊಂಡು ಹೊರಗೆ ಹೋದ. ಬರುವ ರೋಗಿಗಳಿಗೆ ಯಂತ್ರ ಕೆಟ್ಟಿದೆ, ಸ್ವಲ್ಪ ಹೊತ್ತು ಕೂತಿರಿ ಎಂದು ಹೇಳುವ ಅವನ ದನಿ ಕೇಳಿಸುತ್ತಿತ್ತು.

ಮಧ್ಯಾಹ್ನಕ್ಕೆ ಅವಳು ಮನೆಗೆ ಬಂದಳು. ಚೊರೊನಿಗೂ ಫೋನು ಮಾಡಿ ಕರೆಸಿಕೊಂಡಿದ್ದಳು. ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತೆಗೆ, ಗಂಡನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಓಶ್‌ನಲ್ಲಿ ಅವಳಿಗೆ ಕಲಿಸಿದ ಶಸ್ತ್ರಚಿಕಿತ್ಸೆಯ ಡಾಕ್ಟರು ಇದ್ದಾರೆ, ಮಾತಾಡಿದ್ದೇನೆ, ನಾಳೆಯೇ ಕರೆದುಕೊಂಡು ಬಾ ಎಂದಿದ್ದಾರೆ. ದವಡೆಯ ಎಡಭಾಗ ತೆಗೆಯಬೇಕಾಗುತ್ತದೆ. ಈಗ ಹೋದರೆ ಉಳಿಯುವ ದಾರಿ ಇದೆ, ಬೇಸಿಗೆ ದಾಟಿದರೆ ಇಲ್ಲ.

ಉಮ್ಸುನಾಯ್ ಸೊಸೆಯ ಬಾಯಿಗೇ ಕೈ ಅಡ್ಡ ಹಿಡಿದಳು. "ಆ ರೋಗದ ಹೆಸರು ಈ ಮನೇಲಿ ಎತ್ಬೇಡ! ಅವರ ಕಿವಿಗೆ ಬಿದ್ರೆ ಅಲ್ಲೇ ಎದೆ ಒಡ್ಕೊಂಡು ಹೋಗ್ತಾರೆ. ಅವರ ಅಣ್ಣಂಗೆ ಡಾಕ್ಟ್ರು ಹೇಳಿಬಿಟ್ಟ, ಮೂರು ವಾರಕ್ಕೆ ಹೊತ್ಕೊಂಡು ಹೋದ್ವಿ. ಗಂಟು ಅಂತ ಹೇಳು. ಬರೀ ಗಂಟು."

"ಅಪಾ, ಗಂಟು ಅಂದ್ರೆ ಅವರು ಓಶ್‌ಗೆ ಬರ್ತಾರಾ? ಕೆಲಸ ಮುಗೀಲಿ, ಕುರಿಗಳು ಬೆಟ್ಟ ಇಳಿದ್ಮೇಲೆ ನೋಡೋಣ ಅಂತಾರೆ."

"ಬರೋ ಹಾಗೆ ಹೇಳು. ಓದಿದೋಳಲ್ವಾ ನೀನು? ಓದಿದ್ದು ಯಾಕೆ ಮತ್ತೆ?" ಉಮ್ಸುನಾಯ್ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ನಾನು ಪಕ್ಕದಲ್ಲೇ ಮಲಗ್ತೀನಿ. ನಂಗೆ ವಾಸನೆ ಬರ್ತಿತ್ತು ಕಣೇ. ಹಲ್ಲಿನ ಕೊಳೆ ಅಂದ್ಕೊಂಡೆ. ಹಾಳಾದವಳು ನಾನು."

ಚೊರೊ ಗೋಡೆಗೊರಗಿ ನಿಂತಿದ್ದ. ಇಪ್ಪತ್ತು ಜನರನ್ನು ಬೈದು ವ್ಯಾನಿಗೆ ತುಂಬುವ ಗಂಡಸು, ಅಮ್ಮನ ಅಳು ಕಂಡು ಮಗುವಿನಂತಾಗಿದ್ದ. "ಅಪಾ ಹೇಳಿದ ಹಾಗೇ ಹೇಳ್ಬಿಡು ಬೇಗಿ," ಎಂದ. "ಗಂಟು ಅನ್ನು. ನಾನಂತೂ ಒಳಗೆ ಬರಲ್ಲ, ನನ್ ಕೈಲಾಗಲ್ಲ."

ಹೀಗೆ ಸುಳ್ಳು ಹೇಳುವ ಕೆಲಸ ಸೊಸೆಯ ತಲೆಗೇ ಬಂತು. ಆಗುವುದಿಲ್ಲ ಎನ್ನಬಹುದಿತ್ತಲ್ಲ ಎಂದರೆ, ಆ ಮನೆಗೆ ಕಾಲಿಟ್ಟ ದಿನದಿಂದ ಅತ್ತೆಗೆ ಆ ಮಾತು ಅಂದವಳೇ ಅಲ್ಲ. ಜೊತೆಗೆ, ನಿಜ ಹೇಳಲು ಅವಳಿಗೂ ಭಯವಿತ್ತು. ಕೈಗವಸು, ಪುಟ್ಟ ಕನ್ನಡಿ, ಸೂಜಿ, ಟಾರ್ಚು ತಟ್ಟೆಯಲ್ಲಿಟ್ಟುಕೊಂಡು ಅಂಗಳ ದಾಟಿದಳು. ಈ ಸಲ ಬಾಗಿಲ ಹೊರಗೆ ಕೆಮ್ಮಿದವಳು ಅವಳೇ.

ಕಾರ್ಖಾನೆ ಕೋಣೆಯಲ್ಲಿ ಚರ್ಮದ, ಮೇಣದ ವಾಸನೆ. ಕಿಟಕಿಯ ಬಳಿ ಅರೆ ಹೊಲಿದ ಜೀನೊಂದು ಮರದ ಕುದುರೆಯ ಮೇಲಿತ್ತು. ಅವಳು ಮಾವನ ಬೂಟುಗಳನ್ನು ನೋಡುತ್ತ ನಿಂತಳು.

"ಆತಾ, ಬಾಯಿ ನೋಡ್ಬೇಕು."

ಬೂಟುಗಳು ಅಲುಗಲಿಲ್ಲ. ದನಿ ಬಂತು, ಹಲ್ಲುಗಳ ನಡುವೆ ಏನೋ ಇಟ್ಟುಕೊಂಡಂತೆ ಮಂದವಾದ ದನಿ. "ತುರ್ಗುನ್ ಬಾಯಿ ಬಿಟ್ನಾ? ಆ ಮುದುಕನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ."

"ನಾನೇ ಓದಿದೆ ಆತಾ, ಚಿತ್ರಾನ."

"ಚಿತ್ರ ನೋಡಿದ್ಮೇಲೆ ಮುಗೀತಲ್ಲ ಮಗಳೇ. ಬಾಯಿ ಯಾಕೆ? ಹೊಲಸು ವಾಸನೆ ಬೇರೆ. ನಿಂಗೆ ತೋರ್ಸೋ ಅಂಥದ್ದಲ್ಲ."

ಮಗಳೇ ಎಂದರು. ನೇರವಾಗಿ ಅವಳಿಗೇ ಅಂದರು. ಬೇಗಿಮಾಯ್ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕತ್ತೆತ್ತಿದಳು.

ಆತಾನ ಕಣ್ಣು ಕಪ್ಪಲ್ಲ, ಕಂದು. ಬಲಹುಬ್ಬಿನ ನಡುವೆ ಹಳೆಯ ಗಾಯದ ಗೆರೆ, ಅಲ್ಲಿ ಕೂದಲು ಬೆಳೆದಿರಲಿಲ್ಲ. ಇದೆಲ್ಲ ಅವಳಿಗೆ ಗೊತ್ತೇ ಇರಲಿಲ್ಲ. ಮುಖದ ಎಡಗಡೆ ಕಿವಿಯ ಕೆಳಗಿನಿಂದ ಗದ್ದದವರೆಗೆ ಊದಿ, ಚರ್ಮ ಬಿಗಿದು ಮಿರುಗುತ್ತಿತ್ತು. ತುಟಿಯ ಮೂಲೆ ಕೆಳಗೆ ಜೋತಿತ್ತು. ಬೀದಿಯ ಆ ಬದಿಯಿಂದ ನೋಡಿದರೂ ಕಾಣುವ ಊತ! ಆತಾ ಅಂಗೈಯಿಂದ ಕೆನ್ನೆ ಮುಚ್ಚಿಕೊಂಡರು. ಅವಳು ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಬಾಯಿ ತೆಗೀರಿ ಆತಾ. ಇನ್ನೂ ಸ್ವಲ್ಪ."

ಪೂರ್ತಿ ತೆರೆಯಲಾಗಲಿಲ್ಲ. ಇದ್ದಷ್ಟರಲ್ಲೇ ಕನ್ನಡಿ ಹಿಡಿದು ನೋಡಿದಳು. ಕಿತ್ತ ಹಲ್ಲಿನ ಜಾಗದಲ್ಲಿ ಅಂಚು ಎದ್ದು ಗಡುಸಾದ ಹುಣ್ಣು. ಕೆಳತುಟಿಯ ಮೇಲೆ ಸೂಜಿಯ ಮೊನೆ ತಾಗಿಸಿದಳು; "ಏನಾದ್ರೂ ಗೊತ್ತಾಗ್ತಿದ್ಯಾ?" ಎಂದರೆ ಇಲ್ಲವೆಂದು ತಲೆಯಾಡಿಸಿದರು. ಕೊನೆಗೆ ಬೆರಳುಗಳನ್ನು ದವಡೆಯ ಕೆಳಗೆ, ಕತ್ತಿನ ಮಡಿಕೆಗೆ ಒತ್ತಿದಳು. ಅಲ್ಲಿ ಜರದಾಳು ಬೀಜದಷ್ಟು ದೊಡ್ಡ ಗಟ್ಟಿ ಗಂಟೊಂದು ಸಿಕ್ಕಿತು. ಅದು ಚಿತ್ರದಲ್ಲಿ ಕಂಡಿರಲಿಲ್ಲ. ರೋಗ ಮೂಳೆ ದಾಟಿ ಕತ್ತಿಗೆ ಬಂದಿತ್ತು. ಗಂಟನ್ನು ಆಚೀಚೆ ಒತ್ತಿ ನೋಡಿದಳು. ಅಂಟಿಕೊಂಡಿರಲಿಲ್ಲ, ಇನ್ನೂ ಸರಿದಾಡುತ್ತಿತ್ತು. ಅಷ್ಟು ಪುಣ್ಯ.

ಆತಾ ಉದ್ದಕ್ಕೂ ಅವಳನ್ನೇ ನೋಡುತ್ತಿದ್ದರು. "ಏನದು?" ಎಂದರು.

"ಗಂಟು ಆತಾ," ಎಂದಳು ಬೇಗಿಮಾಯ್. "ಬರೀ ಗಂಟು. ನಾಳೆ ಓಶ್‌ಗೆ ಹೋಗಿ ತೆಗೆಸ್ಕೊಂಡು ಬರೋಣ."

ಆತಾ ಜೀನಿನ ಮೇಲೆ ಬಿದ್ದಿದ್ದ ದಾರದ ತುಂಡೊಂದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡರು.

"ಯಾವತ್ತಿನ ಹಾಗೆ ನೆಲ ನೋಡ್ಕೊಂಡು ಹೇಳಿದ್ದಿದ್ರೆ ನಂಬಿಬಿಡ್ತಿದ್ದೆ ಮಗಳೇ," ಎಂದರು. "ಇವತ್ತು ನಿನ್ ಮುಖ ಕಾಣ್ತಿದೆಯಲ್ಲ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಕೈಗವಸು ತೊಟ್ಟ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು. ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಆತಾ ಸಮಾಧಾನ ಮಾಡಲಿಲ್ಲ. ಹೇಗೆ ಮಾಡಬೇಕೋ ಅವರಿಗೂ ತಿಳಿಯದು. ನೀರಿನ ಹೂಜಿಯನ್ನು ಅವಳ ಹತ್ತಿರಕ್ಕೆ ಸರಿಸಿದರು. ಅವಳು ಅಳು ನಿಲ್ಲಿಸಿ ಎಲ್ಲವನ್ನೂ ಹೇಳಿದಳು, ರೋಗದ ಹೆಸರು ಸಮೇತ.

"ಕುಯ್ದ್ರೆ ಉಳೀತೀನಾ?"

"ಉಳಿಯೋರಿದ್ದಾರೆ ಆತಾ. ಖಾತ್ರಿ ಕೊಡೋಕಾಗಲ್ಲ. ಅರ್ಧ ದವಡೆ ಹೋಗುತ್ತೆ, ಕತ್ತಿನ ಗಂಟೂ ತೆಗೀತಾರೆ. ಮುಖ ಹೀಗಿರಲ್ಲ."

"ನೂರೂಜ್‌ಗಿಂತ ಮುಂಚೆನೇ ನಿಂಗೆ ತೋರಿಸಿದ್ದಿದ್ರೆ?"

ಅವಳು ಕಣ್ಣು ತಗ್ಗಿಸಲಿಲ್ಲ. ಅಷ್ಟರಿಂದಲೇ ಅವರಿಗೆ ತಿಳಿಯಿತು.

"ನಾಚ್ಕೆ ಆಯ್ತಮ್ಮ," ಎಂದರು ಆತಾ. "ನಿನ್ ಮುಂದೆ ಬಾಯಿ ತೆರೆಯೋಕೆ ನಾಚ್ಕೆ ಆಯ್ತು. ಅಷ್ಟೇ, ಬೇರೇನಿಲ್ಲ."

"ನಂಗೆ ಗೊತ್ತಿತ್ತು ಆತಾ. ಟೀ ಹನಿ ಬಿದ್ದ ದಿನವೇ ಗೊತ್ತಾಗಿತ್ತು. ತಲೆ ಎತ್ಲಿಲ್ಲ ನಾನು."

ಅಂಗಳದಲ್ಲಿ ಉಮ್ಸುನಾಯ್ ಸುಮ್ಮನೆ ಬಕೆಟ್ಟುಗಳನ್ನು ಎತ್ತಿ ಇಡುತ್ತಿದ್ದ ಸದ್ದು ಕೇಳುತ್ತಿತ್ತು. ಆತಾ ಆ ಕಡೆ ಕಿವಿಗೊಟ್ಟರು. ಎದ್ದು ಜೀನಿನ ಮೇಲೆ ಬಟ್ಟೆ ಹೊದಿಸಿದರು.

"ನಾಳೆ ಹೋಗೋಣ," ಎಂದರು. "ಆದ್ರೆ ನಿಮ್ಮ ಅಪಾಗೆ ನಂಗೆ ವಿಷಯ ಗೊತ್ತು ಅಂತ ಹೇಳ್ಬೇಡ. ನಂಗೆ ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೆ ನಿಂತಿದಾಳೆ ಪಾಪ, ಬಿದ್ದುಹೋಗ್ತಾಳೆ."

ಅಷ್ಟರಲ್ಲಿ ಉಮ್ಸುನಾಯ್ ತಡೆಯಲಾರದೆ ಬಾಗಿಲಿಗೆ ಬಂದೇಬಿಟ್ಟಳು. ಮುಖಕ್ಕೆ ನೀರು ಹಾಕಿಕೊಂಡು, ನಗು ಅಂಟಿಸಿಕೊಂಡು ಬಂದಿದ್ದಳು. "ಏನಂತೆ? ಏನಂದ್ಳು ನಮ್ಮ ಡಾಕ್ಟ್ರು?"

"ಗಂಟಂತೆ," ಎಂದರು ಆತಾ, ಎಡಗೆನ್ನೆಗೆ ಮತ್ತೆ ಅಂಗೈ ಅಡ್ಡ ಹಿಡಿದು. "ಓಶ್‌ಗೆ ಹೋಗಿ ತೆಗೆಸ್ಬೇಕಂತೆ. ದಾರಿಗೆ ರೊಟ್ಟಿ ಸುಡು, ಮೆತ್ತಗಿರ್ಲಿ."

"ನಾ ಹೇಳ್ಲಿಲ್ವಾ? ಗಂಟೇ ಅದು! ನಮ್ಮ ಚಿಕ್ಕಮ್ಮನಿಗೂ ಆಗಿತ್ತು, ಕತ್ತಲ್ಲಿ," ಎಂದು ಉಮ್ಸುನಾಯ್ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಸೊಸೆಯ ಮೇಲೆ ಬಿತ್ತು. ಬೇಗಿಮಾಯ್ ಕಿಟಕಿಯ ಬೆಳಕಿನಲ್ಲಿ ನಿಂತು, ಕಣ್ಣು ಮಿಟುಕಿಸದೆ, ಮಾವನ ಮುಖವನ್ನೇ ನೋಡುತ್ತಿದ್ದಳು. ಓಶ್‌ನಿಂದ ವಾಪಸು ಬರುವಾಗ ಆ ಮುಖ ಹೀಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಏಯ್, ಏನೇ ಇದು!" ಉಮ್ಸುನಾಯ್ ಗದರಿಸಿದಳು. "ಪರೀಕ್ಷೆ ಮುಗೀತಲ್ಲ? ಮಾವನ್ನ ಹೀಗೆ ದಿಟ್ಟಿಸ್ಕೊಂಡು ನಿಂತಿದೀಯಲ್ಲ, ತಲೆ ತಗ್ಸು!"

ಆತಾ ಎಡಗೆನ್ನೆಯ ಮೇಲಿಂದ ಕೈ ತೆಗೆದರು.

"ಬಿಡು," ಎಂದರು. "ನೋಡ್ಲಿ."